ಹಾಳೂರು ಮತ್ತು ದೊಡ್ಡಿ: ಗ್ರಾಮಚರಿತ್ರೆಯ ಒಂದು ವಿಮರ್ಶೆ

ರಾಯಚೂರು ಸೀಮೆಯ ಕಂದಾಯ ದಫ್ತರಗಳಲ್ಲಿ ‘ಬೇಚರಾಕ್’ ಎಂಬ ಶಬ್ದವೊಂದು ಇಂದಿಗೂ ಬಳಕೆಯಲ್ಲಿದೆ. ಪಾರಸಿಯಲ್ಲಿ ‘ಬೇ’ ಎಂದರೆ ಇಲ್ಲದ, ‘ಚಿರಾಗ್’ ಎಂದರೆ ದೀಪ. ಸಂಜೆ ದೀಪ ಹಚ್ಚುವ ಕೈಯೊಂದೂ ಉಳಿಯದ ಊರು ಬೇಚರಾಕ್ ಗ್ರಾಮ. ಅಂತಹ ಊರಿಗೆ ಹೆಸರಿರುತ್ತದೆ, ಎಲ್ಲೆಯಿರುತ್ತದೆ, ಸರ್ವೆ ನಂಬರುಗಳಿರುತ್ತವೆ, ನಕಾಶೆಯಿರುತ್ತದೆ. ಇಲ್ಲದಿರುವುದು ಜನ ಮಾತ್ರ. ಹೊಲಗಳನ್ನು ನೆರೆಯೂರಿನವರು ಉಳುತ್ತಾರೆ. ಹೊಲಗಳ ನಡುವೆ ಮಡಕೆಚೂರು ತುಂಬಿದ ಒಂದು ಮಣ್ಣದಿನ್ನೆ, ಒಡೆದ ಬೀಸುಕಲ್ಲು, ಒಂದು ಹಣಮಪ್ಪನ ಗುಡಿ ಕಾಣಸಿಗುತ್ತವೆ. ಶ್ರಾವಣದ ಶನಿವಾರ ಬಂದು ಎಣ್ಣೆ ಎರೆದು ಹೋಗುವವರೇ ಆ ಊರಿನ ಪಾಲಿಗೆ ಉಳಿದ ಒಕ್ಕಲು.

ಇದೇ ಸೀಮೆಯಲ್ಲಿ ಇನ್ನೊಂದು ಬಗೆಯ ನೆಲೆಯುಂಟು, ಅದು ದೊಡ್ಡಿ. ದೇವದುರ್ಗ ತಾಲ್ಲೂಕಿನಲ್ಲಿ ಅವು ಹೆಜ್ಜೆಹೆಜ್ಜೆಗೂ ಇವೆ. ರಾಯಚೂರು, ಮಾನ್ವಿ ತಾಲ್ಲೂಕುಗಳಲ್ಲಿಯೂ ಕಡಿಮೆಯೇನಲ್ಲ. ಊರಿಂದ ದೂರದ ಹೊಲದಲ್ಲಿ ದನಕರುಗಳಿಗೆಂದು ಹಾಕಿದ ಬೇಲಿ, ಅದರ ಪಕ್ಕದಲ್ಲಿ ಕಾಯುವವನ ಗುಡಿಸಲು, ಮುಂದಿನ ತಲೆಮಾರಿಗೆ ನಾಲ್ಕು ಮನೆ, ಅದರ ಮುಂದಿನದಕ್ಕೆ ಹತ್ತಿಪ್ಪತ್ತು ಮನೆ. ದೊಡ್ಡಿ ಬೆಳೆಯುವ ರೀತಿ ಇದು. ಯಾರ ಹೊಲದಲ್ಲಿ ಹುಟ್ಟಿತೋ ಅವರ ಹೆಸರೇ ಅದರ ಹೆಸರು. ಅಲ್ಲಿ ದೀಪವುಂಟು, ಆದರೆ ಬಹುಕಾಲದವರೆಗೆ ದಫ್ತರದಲ್ಲಿ ಹೆಸರಿಲ್ಲ. ಅದು ಮೂಲಗ್ರಾಮದ ಲೆಕ್ಕದಲ್ಲಿ ಕರಗಿದ ಒಂದು ಮಜರೆ ಮಾತ್ರ.

ಗ್ರಾಮಚರಿತ್ರೆ ಬರೆಯುವವರ ಲಕ್ಷ್ಯ ಸಾಮಾನ್ಯವಾಗಿ ಮೊದಲನೆಯದರ ಮೇಲೆಯೇ ಬೀಳುತ್ತದೆ. ಹಾಳೂರಿನಲ್ಲಿ ಶಾಸನವಿರಬಹುದು, ಕಂಬವಿರಬಹುದು, ಮುರಿದ ನಂದಿಯಿರಬಹುದು. ದೊಡ್ಡಿಯಲ್ಲಿ ಏನಿದೆ? ಆದುದರಿಂದ ಚರಿತ್ರೆಕಾರನು ದೊಡ್ಡಿಯ ಹಿರಿಯನನ್ನು ದಾರಿ ಕೇಳಿ ಹಾಳೂರಿಗೆ ಹೋಗುತ್ತಾನೆ; ದೊಡ್ಡಿಯ ಹೆಸರು ಅವನ ಗ್ರಂಥದಲ್ಲಿ ಬರುವುದಿಲ್ಲ. ಈ ಉಪೇಕ್ಷೆಯಿಂದ ಹಾಳೂರಿನ ಚರಿತ್ರೆಯೇ ಅರ್ಧಕ್ಕೆ ನಿಲ್ಲುತ್ತದೆಯೆಂಬುದು ಪ್ರಸ್ತುತ ವಿವೇಚನೆಯ ವಿಷಯ. ‘ಹಾಳೂರಿಗೆ ಉಳಿದವನೇ ಗೌಡ’ ಎಂಬ ಗಾದೆಯನ್ನು ಜನರು ಹಾಸ್ಯಕ್ಕೆ ಆಡುತ್ತಾರೆ. ನಮ್ಮ ಅನೇಕ ಗ್ರಾಮಚರಿತ್ರೆಗಳು ಅದನ್ನು ಸಂಶೋಧನಾ ಸೂತ್ರವೆಂಬಂತೆ ಪಾಲಿಸಿವೆ. ಉಳಿದ ಕಲ್ಲು ಯಾರದೋ ಊರೂ ಅವರದೇ ಎಂಬ ತೀರ್ಮಾನ ಅವುಗಳಲ್ಲಿ ಪದೇ ಪದೇ ಕಾಣುತ್ತದೆ.

ಕೃಷ್ಣೆ ಮತ್ತು ತುಂಗಭದ್ರೆಗಳ ನಡುವಣ ಈ ಭೂಭಾಗವನ್ನು ಹಳೆಯ ಶಾಸನಗಳು ಎಡೆದೊರೆ ನಾಡು ಎಂದು ಕರೆದಿವೆ. ‘ಎರಡು ಸಾಸಿರ’ ಎಂಬ ಸಂಖ್ಯೆ ಅದಕ್ಕೆ ಅಂಟಿಕೊಂಡು ಬರುತ್ತದೆ. ಎರಡು ತೊರೆಗಳ ಎಡೆಯ ನಾಡಾಗಿದ್ದರೂ ಇದು ನೀರಿನ ನಾಡಾಗಿರಲಿಲ್ಲ. ಹೊಳೆಗಳು ಅಂಚಿನಲ್ಲಿ ಆಳದಲ್ಲಿ ಹರಿಯುತ್ತಿದ್ದವು. ನಡುವಿನ ಎರೆಭೂಮಿಯೂ ಮಸಬು ನೆಲವೂ ಮಳೆಯನ್ನೇ ನಂಬಿದ್ದವು. ಎರಡು ವರ್ಷ ಮಳೆ ತಪ್ಪಿದರೆ ಊರು ಬಿಡುವುದು ಇಲ್ಲಿ ಅಪರೂಪದ ಘಟನೆಯಾಗಿರಲಿಲ್ಲವೆಂದು ತೋರುತ್ತದೆ. ಊರಿನ ಸಾವನ್ನು ಒಮ್ಮೆ ಮಾತ್ರ ಸಂಭವಿಸುವ ದುರಂತವೆಂದು ವರ್ಣಿಸುವ ಲೇಖಕರು ಈ ನೆಲದ ಸ್ವಭಾವವನ್ನು ಮರೆಯುತ್ತಾರೆ. ಇಲ್ಲಿ ಊರುಗಳು ಬಿಡುತ್ತಿದ್ದವು, ಕೂಡುತ್ತಿದ್ದವು, ಹರಿದಾರಿಯಾಚೆ ಹೋಗಿ ಅದೇ ಹೆಸರಿನಿಂದ ಮತ್ತೆ ಕಟ್ಟಿಕೊಳ್ಳುತ್ತಿದ್ದವು.

ಊರ ಹೆಸರುಗಳಲ್ಲಿ ಈ ಚಲನೆಯ ಗುರುತುಗಳಿವೆ. ಮಾನ್ವಿ ತಾಲ್ಲೂಕಿನ ಹಿರೇಕೊಟ್ನೇಕಲ್ ಮತ್ತು ಚಿಕ್ಕಕೊಟ್ನೇಕಲ್, ರಾಯಚೂರು ತಾಲ್ಲೂಕಿನಲ್ಲಿ ಕೃಷ್ಣೆಯ ನಡುಗಡ್ಡೆಗಳಲ್ಲಿರುವ ಕುರ್ವಕಲಾ ಮತ್ತು ಕುರ್ವಕುರ್ದ ಇದಕ್ಕೆ ಉದಾಹರಣೆ. ‘ಹಿರೇ–ಚಿಕ್ಕ’ ಎಂದು ಕನ್ನಡವು ಹೇಳಿದುದನ್ನೇ ‘ಕಲಾನ್–ಖುರ್ದ್’ ಎಂದು ದಫ್ತರದ ಪಾರಸಿ ಹೇಳಿತು. ಕುರುವ ಎಂದರೆ ನಡುಗಡ್ಡೆ. ಶುದ್ಧ ಕನ್ನಡ ಶಬ್ದಕ್ಕೆ ಪಾರಸಿಯ ಬಾಲ ಬೆಳೆದು ಒಂದೇ ಹೆಸರಾಗಿ ನಿಂತಿದೆ. ಒಂದು ಊರು ಎರಡಾದಾಗ ಹಿರಿದು ಯಾವುದು, ಕಿರಿದು ಯಾವುದು ಎಂಬ ಪ್ರಶ್ನೆ ಹುಟ್ಟುತ್ತದೆ. ಇಂದು ಹಿರಿದಾಗಿರುವುದೇ ಮೂಲವೆಂದು ಭಾವಿಸಲು ಆಧಾರವಿಲ್ಲ. ಮೂಲವು ಕುಗ್ಗಿ ಮರಿ ಬೆಳೆದಿರುವುದೂ ಸಾಧ್ಯ.

‘ಹಾಳ’ ಎಂದು ಕೊನೆಯಾಗುವ ಹೆಸರುಗಳ ವಿಷಯದಲ್ಲಿ ಇನ್ನೂ ಹೆಚ್ಚಿನ ಎಚ್ಚರ ಬೇಕು. ಹಳಗನ್ನಡದ ಪಾೞ್ ಹಾಳಾಯಿತು, ಪಳ್ಳಿ ಹಳ್ಳಿಯಾಯಿತು, ಪಳ್ಳ ಹಳ್ಳವಾಯಿತು. ಈ ಮೂರರಲ್ಲಿ ಯಾವುದು ಸವೆದು ಒಂದು ಊರ ಹೆಸರಿನ ತುದಿಯಲ್ಲಿ ‘ಹಾಳ’ವಾಗಿ ಕುಳಿತಿದೆಯೆಂಬುದನ್ನು ಆ ಊರಿನ ಹಳೆಯ ಶಾಸನರೂಪವನ್ನು ನೋಡದೆ ಹೇಳಲಾಗದು. ಹೀಗಿದ್ದರೂ ಹಾಳವೆಂದ ಕೂಡಲೇ ಹಾಳೂರು ಎಂದು ಅರ್ಥಮಾಡಿ, ಆ ಅರ್ಥಕ್ಕೆ ಒಪ್ಪುವ ದಂಡಯಾತ್ರೆಯೊಂದನ್ನು ಚರಿತ್ರೆಯಿಂದ ಎರವಲು ತರುವ ಪದ್ಧತಿ ಬೆಳೆದಿದೆ. ಶಬ್ದದಿಂದ ಘಟನೆಯನ್ನು ಹುಟ್ಟಿಸುವ ಈ ವಿದ್ಯೆಗೆ ಸ್ಥಳನಾಮಶಾಸ್ತ್ರವೆಂಬ ಹೆಸರು ಸಲ್ಲುವುದಿಲ್ಲ. ‘ಎಡೆಗಳು ಹೇಳುವ ಕಂನಾಡ ಕಥೆ’ಯನ್ನು ಬರೆದ ಶಂ. ಬಾ. ಜೋಶಿಯವರ ನಿರ್ಣಯಗಳಲ್ಲಿ ಎಲ್ಲವನ್ನೂ ಒಪ್ಪಬೇಕಾಗಿಲ್ಲ. ಕೆಲವೆಡೆ ಅವರ ಊಹೆ ಆಧಾರವನ್ನು ಮೀರಿ ಓಡುತ್ತದೆ. ಆದರೆ ಕನ್ನಡನಾಡಿನ ಮೂಲವನ್ನು ಅರಮನೆಯಲ್ಲಿ ಹುಡುಕದೆ ಹಟ್ಟಿಯಲ್ಲಿ, ದನಗಾಹಿ ಜನರಲ್ಲಿ ಹುಡುಕಿದ ಅವರ ದೃಷ್ಟಿ ದೊಡ್ಡಿಗಳ ಈ ಸೀಮೆಗೆ ಹೊಂದುವಷ್ಟು ಬೇರೆಲ್ಲಿಗೂ ಹೊಂದಲಾರದು. ಆಶ್ಚರ್ಯವೆಂದರೆ ಅವರ ಪ್ರಶಂಸಕರು ಹಟ್ಟಿಯನ್ನು ಪುರಾತನಕಾಲದಲ್ಲಿ ಮಾತ್ರ ಕಂಡರು. ಕಣ್ಣೆದುರಿನ ದೊಡ್ಡಿ ಅವರಿಗೆ ಕಾಣಲಿಲ್ಲ.

ಗಬ್ಬೂರಿನ ದೃಷ್ಟಾಂತವನ್ನು ನೋಡಬಹುದು. ರಾಯಚೂರಿನಿಂದ ದೇವದುರ್ಗಕ್ಕೆ ಹೋಗುವ ದಾರಿಯಲ್ಲಿರುವ ಈ ಊರು ಬೇಚರಾಕ್ ಅಲ್ಲ, ಜನವಸತಿಯಿಂದ ತುಂಬಿದೆ. ಆದರೆ ಮಧ್ಯಯುಗದ ಗಬ್ಬೂರು ಇಂದಿನ ಗಬ್ಬೂರಿನ ಒಳಗೂ ಸುತ್ತಲೂ ಹಾಳುಬಿದ್ದಿರುವುದನ್ನು ಯಾರಾದರೂ ಕಾಣಬಹುದು. ವಿದ್ಯಾಕೇಂದ್ರವೆಂದು ಅದು ಹೆಸರಾಗಿದ್ದಿತು. ಗೋಪುರಗ್ರಾಮವೆಂಬ ಹೆಸರೂ ಅದಕ್ಕಿತ್ತು. ಮಲೆಶಂಕರ, ವೆಂಕಟೇಶ್ವರ, ಈಶ್ವರ, ಬಂಗಾರ ಬಸಪ್ಪ, ಹನುಮಂತ ಎಂದು ಗುಡಿಗಳ ಸಾಲೇ ಇದೆ. ಮಹಾದ್ವಾರವೆಂದು ಕರೆಯುವ ಶಿಥಿಲ ಬಾಗಿಲಿದೆ. ಬೂದಿಬಸವೇಶ್ವರ ಮಠವಿದೆ. ಇಷ್ಟು ಗುಡಿಗಳನ್ನು ನಡೆಸಲು ಎಷ್ಟು ಹೊಲ ಬೇಕಾಗಿದ್ದಿತು, ಆ ಹೊಲಗಳನ್ನು ಉತ್ತವರು ಎಲ್ಲಿ ಇದ್ದರು ಎಂಬ ಸರಳವಾದ ಪ್ರಶ್ನೆಯನ್ನು ಗಬ್ಬೂರಿನ ಬಗ್ಗೆ ಬರೆದವರು ಕೇಳಿದ್ದು ವಿರಳ. ಅವರು ಗುಡಿಗಳನ್ನು ಎಣಿಸುತ್ತಾರೆ, ಶಿಲ್ಪವನ್ನು ವರ್ಣಿಸುತ್ತಾರೆ, ಮಹಾದ್ವಾರದಿಂದ ರಾಜಧಾನಿಯನ್ನು ಊಹಿಸುತ್ತಾರೆ. ದ್ವಾರವಿದ್ದ ಮಾತ್ರಕ್ಕೆ ರಾಜಧಾನಿಯಾಗಬೇಕಾಗಿಲ್ಲ. ಪೇಟೆಗೂ ದ್ವಾರವಿರುತ್ತದೆ, ವಿದ್ಯಾಸ್ಥಾನಕ್ಕೂ ದ್ವಾರವಿರುತ್ತದೆ. ಎಲ್ಲ ಹಾಳೂರುಗಳನ್ನೂ ಹಾಳಾದ ರಾಜಧಾನಿಗಳನ್ನಾಗಿ ಮಾಡುವ ಉತ್ಸಾಹ ಊರಿನ ಅಭಿಮಾನಕ್ಕೆ ಹಿತವಾಗಿರಬಹುದು; ಊರಿನ ಚರಿತ್ರೆಗೆ ಅದರಿಂದ ಹಾನಿ. ರಾಜಧಾನಿಯಾಗಿದ್ದರೆ ಅದರ ಅಳಿವಿಗೆ ರಾಜನ ಸೋಲು ಸಾಕಾದ ಕಾರಣವಾಗುತ್ತದೆ. ಕೆರೆ ಒಡೆದದ್ದು, ದಾರಿ ಬದಲಾದದ್ದು, ಒಕ್ಕಲು ಚದುರಿದ್ದು ಇವನ್ನು ವಿಚಾರಿಸುವ ಶ್ರಮ ಉಳಿಯುತ್ತದೆ.

ಶಾಸನಗಳನ್ನು ಓದುವ ಕ್ರಮದಲ್ಲಿಯೇ ಈ ದೋಷದ ಬೇರು ಇದೆ. ಹೈದರಾಬಾದು ಸಂಸ್ಥಾನದಲ್ಲಿ 1914ರಲ್ಲಿ ಪುರಾತತ್ತ್ವ ಇಲಾಖೆ ಸ್ಥಾಪಿತವಾಯಿತು. ಗುಲಾಂ ಯಜ್ದಾನಿಯವರು ಅದರ ಮುಖ್ಯರಾಗಿದ್ದರು. ಮರುವರ್ಷವೇ, 1915ರಲ್ಲಿ, ಗಣಿ ಇಂಜಿನಿಯರ್ ಬೀಡನ್ ಎಂಬವರು ಮಸ್ಕಿಯಲ್ಲಿ ಅಶೋಕನ ಶಾಸನವನ್ನು ಕಂಡರು. ‘ದೇವಾನಾಂಪ್ರಿಯ’ನೇ ಅಶೋಕನೆಂದು ಹೆಸರು ಹೇಳಿದ ಈ ಶಾಸನದಿಂದ ರಾಯಚೂರು ಸೀಮೆ ಜಗತ್ತಿನ ಪಂಡಿತರ ಗಮನಕ್ಕೆ ಬಂದಿತು. ಪಿ. ಬಿ. ದೇಸಾಯಿಯವರು ಹೈದರಾಬಾದು ಕರ್ನಾಟಕದ ಕನ್ನಡ ಜಿಲ್ಲೆಗಳ ಶಾಸನಸಂಪುಟವನ್ನು ಸಿದ್ಧಪಡಿಸಿ 1958ರಲ್ಲಿ ಹೊರತಂದ ಮೇಲೆ ಈ ಭಾಗದ ಮಧ್ಯಯುಗಕ್ಕೆ ಒಂದು ಭದ್ರವಾದ ತಳಪಾಯ ದೊರೆಯಿತು. ಈ ಉಪಕಾರವನ್ನು ಎಷ್ಟು ಸ್ಮರಿಸಿದರೂ ಕಡಿಮೆಯೇ. ಆದರೆ ಸಂಪುಟಗಳನ್ನು ಉಪಯೋಗಿಸುವವರು ಶಾಸನದ ಮೊದಲ ಭಾಗದಲ್ಲಿಯೇ ತೃಪ್ತರಾಗಿ ನಿಲ್ಲುತ್ತಾರೆ.

ಚಾಲುಕ್ಯಕಾಲದ ಒಂದು ದಾನಶಾಸನವನ್ನು ಸಾಹಿತ್ಯಕೃತಿಯೆಂದು ಓದಿದರೆ ಅದರ ರಚನೆ ಸ್ಪಷ್ಟವಾಗುತ್ತದೆ. ಮೊದಲಿಗೆ ದೇವತಾಸ್ತುತಿ, ಅನಂತರ ಅರಸನ ಬಿರುದಾವಳಿ, ಮಾಂಡಲಿಕನ ವರ್ಣನೆ, ಊರಿನ ಮತ್ತು ಆಚಾರ್ಯರ ಪ್ರಶಂಸೆ. ಇಲ್ಲಿ ಭಾಷೆ ಚಂಪುವಿನದು, ಸಮಾಸಗಳು ದೀರ್ಘ, ಊರು ಯಾವಾಗಲೂ ಮಾವಿನ ತೋಪು, ತಾವರೆಗೊಳ, ಗಿಳಿಕೋಗಿಲೆಗಳಿಂದ ಕೂಡಿರುತ್ತದೆ. ಎಡೆದೊರೆಯ ಬಿಸಿಲು ಕಂಡವರಿಗೆ ಈ ವರ್ಣನೆಯ ಮಾವಿನ ತೋಪು ಕವಿಸಮಯವೆಂದು ಬೇರೆ ಹೇಳಬೇಕಾಗಿಲ್ಲ. ಆಮೇಲೆ ದತ್ತಿಯ ಭಾಗ ಬರುತ್ತದೆ. ಒಮ್ಮೆಗೇ ಸಮಾಸಗಳು ಕಳಚಿಬೀಳುತ್ತವೆ. ಗಳೆಯಿಂದ ಅಳೆದ ಮತ್ತರು, ಮತ್ತರಿಗೆ ಒಳಗಾದ ಕಮ್ಮ, ಗಾಣ, ಹೂದೋಟ, ಮನೆನಿವೇಶನ. ಮೂಡಣಕ್ಕೆ ಹುತ್ತ, ತೆಂಕಣಕ್ಕೆ ಹುಣಿಸೆಯ ಮರ, ಪಡುವಣಕ್ಕೆ ಇಂಥ ಊರಿಗೆ ಹೋಗುವ ಬಟ್ಟೆ, ಬಡಗಣಕ್ಕೆ ನಟ್ಟ ಕಲ್ಲು ಎಂಬ ರೀತಿಯಲ್ಲಿ ಎಲ್ಲೆಗಳು ಸಾಗುತ್ತವೆ. ಕೊನೆಗೆ, ದಾನವನ್ನು ಅಪಹರಿಸಿದವನು ಅರವತ್ತು ಸಾವಿರ ವರ್ಷ ಮಲದಲ್ಲಿ ಹುಳುವಾಗುವನೆಂಬ ಶಾಪ.

ಕಾವ್ಯಾಭ್ಯಾಸಿಗಳು ಮೊದಲ ಭಾಗವನ್ನು ಉದ್ಧರಿಸುತ್ತಾರೆ, ಚರಿತ್ರೆಕಾರರು ಅರಸನ ಹೆಸರನ್ನೂ ತಿಥಿಯನ್ನೂ ತೆಗೆದುಕೊಳ್ಳುತ್ತಾರೆ, ಎಲ್ಲೆಗಳ ಭಾಗವನ್ನು ಇಬ್ಬರೂ ಬಿಡುತ್ತಾರೆ. ಆ ಊರಿನವರು ತಮ್ಮ ಊರನ್ನು ಕಂಡ ಬಗೆ ಇರುವುದು ಅಲ್ಲಿ ಮಾತ್ರ. ಸ್ತುತಿಯನ್ನು ಬರೆದ ಕವಿ ಬೇರೆ ಊರಿನವನಾಗಿರಬಹುದು. ಹುತ್ತವನ್ನೂ ಹುಣಿಸೆಯನ್ನೂ ತೋರಿಸಿದವನು ಅದೇ ಹೊಲದಲ್ಲಿ ನಡೆದಾಡಿದವನು. ಎಲ್ಲೆ ಹೇಳುವಾಗ ನೆರೆಯ ಸಣ್ಣ ಊರುಗಳ ಹೆಸರು ಬಂದೇ ಬರುತ್ತವೆ. ಸ್ವಂತದ ಶಾಸನವಿಲ್ಲದ, ಗುಡಿಯಿಲ್ಲದ ಹಳ್ಳಿಗಳಿಗೆ ಶಾಸನದಲ್ಲಿ ಸಿಕ್ಕುವ ಸ್ಥಾನ ಇದೊಂದೇ. ಇನ್ನೊಬ್ಬರ ಹೊಲದ ಗಡಿಯಾಗಿ. ಇಂದು ಬೇಚರಾಕ್ ಎಂದು ಬರೆದಿರುವ ಹೆಸರುಗಳನ್ನೂ ಶಾಸನಗಳ ಎಲ್ಲೆಯಲ್ಲಿ ಬರುವ ಹೆಸರುಗಳನ್ನೂ ಎದುರುಬದುರಾಗಿ ಇಟ್ಟು ನೋಡುವ ಕೆಲಸ ತಾಲ್ಲೂಕು ತಾಲ್ಲೂಕಿಗೂ ನಡೆಯಬೇಕು. ಅದಕ್ಕೆ ಮಹಾವಿದ್ವತ್ತು ಬೇಡ. ಕಂದಾಯ ನಕಾಶೆಯೂ ತಾಳ್ಮೆಯೂ ಸಾಕು.

ಎಂ. ಚಿದಾನಂದಮೂರ್ತಿಯವರ ‘ಕನ್ನಡ ಶಾಸನಗಳ ಸಾಂಸ್ಕೃತಿಕ ಅಧ್ಯಯನ’ 1966ರಲ್ಲಿ ಪ್ರಕಟವಾದಾಗ ಈ ದಾರಿ ತೆರೆದಿದ್ದಿತು. ರಾಜರ ವಂಶಾವಳಿಯಿಂದ ಶಾಸನವನ್ನು ಬಿಡಿಸಿ ಜನಜೀವನದ ಕಡೆಗೆ ತಿರುಗಿಸಿದ ಗ್ರಂಥ ಅದು. ವೀರಗಲ್ಲುಗಳ ಪರಿಭಾಷೆ ಎಷ್ಟು ನಿಖರವಾದುದು ಎಂಬುದನ್ನು ಆ ಅಧ್ಯಯನದಿಂದ ಕನ್ನಡಿಗರು ಹೊಸದಾಗಿ ಕಂಡರು. ತುಱುಗೋಳ್ ಎಂದರೆ ದನಗಳನ್ನು ಹೊಡೆದುಕೊಂಡು ಹೋಗುವ ಕಾಳಗ. ಪೆಣ್ಬುಯ್ಯಲ್ ಎಂದರೆ ಹೆಣ್ಣುಗಳ ಸೆರೆಯನ್ನು ತಡೆಯುವ ಹೋರಾಟ. ಊರೞಿವು ಎಂದರೆ ಊರಿನ ನಾಶ. ಊರು ಅಳಿಯುವುದಕ್ಕೆ ಒಂದು ಪಾರಿಭಾಷಿಕ ಶಬ್ದವೇ ಇರುವಷ್ಟು ಆ ಅನುಭವ ಸಾಮಾನ್ಯವಾಗಿದ್ದಿತು. ಊರೞಿವಿನಲ್ಲಿ ಮಡಿದವನಿಗೆ ಕಲ್ಲು ನಿಲ್ಲಿಸಲು ಯಾರೋ ಉಳಿದಿದ್ದರು, ಮರಳಿ ಬಂದಿದ್ದರು ಎಂಬುದನ್ನು ಮಾತ್ರ ವ್ಯಾಖ್ಯಾನಕಾರರು ಗಮನಿಸಿದಂತೆ ಕಾಣುವುದಿಲ್ಲ. ಊರೞಿವಿನ ವೀರಗಲ್ಲು ಊರು ಅಳಿದುದಕ್ಕೆ ಸಾಕ್ಷಿಯಾದಂತೆ, ಅಳಿದ ಊರಿನ ಜನ ಮತ್ತೆ ಕೂಡಿದುದಕ್ಕೂ ಸಾಕ್ಷಿ.

ಆಸ್ಥಾನದ ಚರಿತ್ರೆಕಾರರ ಬರವಣಿಗೆಯನ್ನು ಇದರ ಎದುರಿಗೆ ಇಟ್ಟು ನೋಡಬೇಕು. ಬಹಮನಿ–ವಿಜಯನಗರಗಳ ನಡುವೆ ಈ ನಾಡು ಒಂದೂವರೆ ಶತಮಾನಕ್ಕೂ ಮೀರಿ ಕೈ ಬದಲಾಯಿಸುತ್ತಲೇ ಇದ್ದಿತು. 1406ರ ಯುದ್ಧಕ್ಕೆ ಮುದಗಲ್ಲಿನ ಅಕ್ಕಸಾಲಿಗನ ಮಗಳೊಬ್ಬಳ ಸೌಂದರ್ಯವೇ ಕಾರಣವೆಂದು ಫೆರಿಸ್ತಾ ಒಂದು ಕಥೆಯನ್ನು ಸವಿಸ್ತಾರವಾಗಿ ಹೇಳುತ್ತಾನೆ. ಆ ದಂಡು ನಡೆದ ದಾರಿಯ ಹಳ್ಳಿಗಳು ಅವನ ಗ್ರಂಥದಲ್ಲಿ ‘ಕೊಳ್ಳೆಹೋದವು’ ಎಂಬ ಕ್ರಿಯಾಪದದಲ್ಲಿ ಮುಗಿಯುತ್ತವೆ. 1520ರ ರಾಯಚೂರು ಯುದ್ಧದ ವಿಷಯದಲ್ಲಿ ಪೋರ್ತುಗೀಸ ನೂನಿಜ್ ಕೃಷ್ಣದೇವರಾಯನ ದಂಡಿನ ವೈಭವವನ್ನು, ದಂಡಿನೊಡನೆ ಸಾಗಿದ ಸಂತೆಯನ್ನು ಕಣ್ಣಿಗೆ ಕಟ್ಟುವಂತೆ ಬರೆಯುತ್ತಾನೆ. ಅಷ್ಟು ಜನಕ್ಕೂ ಕುದುರೆ, ಎತ್ತುಗಳಿಗೂ ಬೇಕಾದ ಕಾಳು, ಮೇವು, ನೀರು ಸುತ್ತಲ ಹಳ್ಳಿಗಳ ಹಗೇವುಗಳಿಂದಲೂ ಬಾವಿಗಳಿಂದಲೂ ಬರಬೇಕಲ್ಲವೇ! ಮಿತ್ರರ ದಂಡಾದರೂ ಶತ್ರುಗಳ ದಂಡಾದರೂ ಸಣ್ಣ ಹಳ್ಳಿಯ ಪಾಲಿಗೆ ಪರಿಣಾಮದಲ್ಲಿ ಹೆಚ್ಚು ವ್ಯತ್ಯಾಸವಿರಲಾರದು. ರಾಯಚೂರು ಕೋಟೆಯಲ್ಲಿ 1294ರ ಶಾಸನವಿರುವ ಸುಮಾರು 41 ಅಡಿ ಉದ್ದದ ಬಂಡೆ ಇದೆ. ಗೋರೆ ಗನ್ನಯ ರೆಡ್ಡಿಯ ಅಧಿಕಾರಿ ವಿಠ್ಠಲನು ಕೋಟೆ ಕಟ್ಟಿಸಿದುದನ್ನು ಅದು ಹೇಳುತ್ತದೆ. ಆ ಬಂಡೆಯನ್ನು ಬಂಡಿಯ ಮೇಲಿಟ್ಟು ಎಳೆದು ತಂದ ದೃಶ್ಯವನ್ನೂ ಗೋಡೆಯಲ್ಲಿ ಕೊರೆದಿದ್ದಾರೆ. ಕೋಟೆಯ ಚರಿತ್ರೆಯಲ್ಲಿ ದುಡಿದ ಪ್ರಾಣಿ ಮತ್ತು ಮನುಷ್ಯರಿಗೆ ಇಷ್ಟಾದರೂ ಜಾಗ ಕೊಟ್ಟ ಆ ಕಲ್ಲುಕುಟಿಗನು ಅನೇಕ ಗ್ರಂಥಕರ್ತರಿಗಿಂತ ಉದಾರಿ.

ಯುದ್ಧಕ್ಕಿಂತ ಬರ ಹೆಚ್ಚು ಊರುಗಳನ್ನು ಅಳಿಸಿರಬೇಕು. 1396ರಲ್ಲಿ ತೊಡಗಿ ಹನ್ನೆರಡು ವರ್ಷ ಕಾಡಿತೆಂದು ದಖ್ಖಣದ ಪರಂಪರೆ ನೆನೆಯುವ ದುರ್ಗಾದೇವಿ ಬರ, 1629–30ರ ಬರ, 1876–78ರ ಧಾತು ಸಂವತ್ಸರದ ದೊಡ್ಡ ಬರ ಇವು ಮುಖ್ಯವಾದವು. ಮೊದಲ ಎರಡರಲ್ಲಿ ಬರಿದಾದ ಊರುಗಳು ಯಾವುವೆಂಬುದಕ್ಕೆ ಪಟ್ಟಿಯಿಲ್ಲ. ಹದಿನೇಳು–ಹದಿನೆಂಟನೆಯ ಶತಮಾನಗಳ ಸುಲಿಗೆಯ ಕಾಲದಲ್ಲಿ ಸಣ್ಣ ಹಳ್ಳಿಗಳ ಜನ ಹುಡೇವು ಇದ್ದ ಊರಿಗೆ ಬಂದು ನೆಲಸಿದರು. ಉತ್ತರ ಕರ್ನಾಟಕದ ದೊಡ್ಡ ಊರುಗಳ ನಡುವೆ ಇಂದಿಗೂ ನಿಂತಿರುವ ಗುಂಡನೆಯ ಹುಡೇವುಗಳನ್ನು ಕಂಡವರಿಗೆ ಇದು ಸುಲಭವಾಗಿ ತಿಳಿಯುತ್ತದೆ. ದೇವದುರ್ಗವು ಬೇಡ ನಾಯಕರ ಬಲವಾದ ನೆಲೆಯಾಗಿದ್ದ ಕಾಲ ಅದು. ಆಳಿಕೆ ಸ್ಥಿರವಾದ ಮೇಲೆ ಮತ್ತೆ ಹೊರಗೆ ಹರಡುವ ಕ್ರಿಯೆ ತೊಡಗಿರಬೇಕು. ದೂರದ ಹೊಲಕ್ಕೆ ದಿನವೂ ಹೋಗಿ ಬರುವ ಕಷ್ಟ ತಪ್ಪಿಸಿಕೊಳ್ಳಲು ದನಗಳನ್ನು ಅಲ್ಲಿಯೇ ಕಟ್ಟಿದರು; ಅವೇ ದೊಡ್ಡಿಗಳು. ಹೀಗೆ ನೋಡಿದರೆ ದೊಡ್ಡಿಯು ಹಾಳೂರಿನ ಮಕ್ಕಳೋ ಮೊಮ್ಮಕ್ಕಳೋ ಅಜ್ಜನ ಹೊಲಕ್ಕೆ ಮರಳಿ ಬಂದ ರೂಪವಾಗಿರುವುದು ಸಾಧ್ಯ. ಎಲ್ಲ ದೊಡ್ಡಿಗಳಿಗೂ ಈ ಮಾತು ಅನ್ವಯಿಸುವುದಿಲ್ಲ. ಆದರೆ ಈ ಸಾಧ್ಯತೆಯನ್ನು ಪರೀಕ್ಷಿಸದೆ ಬಿಟ್ಟಿರುವುದು ಸಂಶೋಧನೆಯ ಲೋಪ.

ಐತಿಹ್ಯಗಳ ವಿಷಯಕ್ಕೆ ಬಂದರೆ ವಿಮರ್ಶಕರಲ್ಲಿ ಎರಡು ಅತಿರೇಕಗಳಿವೆ. ಒಬ್ಬರು ಅವನ್ನು ಇದ್ದಕ್ಕಿದ್ದ ಹಾಗೆ ನಂಬುತ್ತಾರೆ. ಇನ್ನೊಬ್ಬರು ಕಟ್ಟುಕಥೆಯೆಂದು ತಳ್ಳುತ್ತಾರೆ. ಊರು ಹಾಳಾದುದಕ್ಕೆ ಜನ ಹೇಳುವ ಕಾರಣಗಳು ಎಲ್ಲೆಡೆಯೂ ಹೆಚ್ಚುಕಡಮೆ ಒಂದೇ: ಮಾರಿಬೇನೆ, ದಂಡಿನ ದಾಳಿ, ಹಸಿದು ಬಂದವನನ್ನು ಬರಿಗೈಯಲ್ಲಿ ಕಳುಹಿಸಿದುದಕ್ಕೆ ತಟ್ಟಿದ ಶಾಪ. ಮೂರನೆಯದನ್ನು ಮೂಢನಂಬಿಕೆಯೆಂದು ನಗುವವರು ಅದರ ತರ್ಕವನ್ನು ನೋಡಲಿಲ್ಲ. ಬರಗಾಲದಲ್ಲಿ ಅನ್ನ ಹಂಚಿಕೊಳ್ಳಲಾರದ ಊರು ಒಡೆಯುತ್ತದೆ. ಒಡೆದ ಊರು ಖಾಲಿಯಾಗುತ್ತದೆ. ಶಾಪದ ಕಥೆ ಈ ಕ್ರಮವನ್ನೇ ತನ್ನ ಭಾಷೆಯಲ್ಲಿ ಹೇಳುತ್ತದೆ. ಶಾಸನದ ಕೊನೆಯ ಶಾಪಕ್ಕೆ ವಿದ್ವಾಂಸರು ಕೊಡುವ ಗೌರವದಲ್ಲಿ ಅರ್ಧವನ್ನಾದರೂ ಇದಕ್ಕೆ ಕೊಟ್ಟರೆ ತಪ್ಪಾಗದು.

ಬೂದಿಯ ಕಥೆಗಳನ್ನು ಇಲ್ಲಿ ವಿಶೇಷವಾಗಿ ನೆನೆಯಬೇಕು. ರಾಯಚೂರು, ಬಳ್ಳಾರಿ ಸೀಮೆಗಳಲ್ಲಿ ಬೂದಿದಿಬ್ಬಗಳು ಹಲವಿವೆ. ಗೌಡೂರಿನದು ಒಂದು, ಬಳ್ಳಾರಿಯ ಕಡೆಯ ಕುಡತಿನಿಯದು ಪ್ರಸಿದ್ಧವಾದುದು. ಆನೆಗೊಂದಿಯ ಹತ್ತಿರದ ನಿಂಬಾಪುರದ ದಿಬ್ಬವು ವಾಲಿಯನ್ನು ಸುಟ್ಟ ಬೂದಿಯೆಂದು ಜನ ಹೇಳುತ್ತಾರೆ. ಆಲ್ಚಿನ್ ಎಂಬ ಆಂಗ್ಲ ವಿದ್ವಾಂಸರು ಮುದಗಲ್ಲಿನ ಸಮೀಪದ ಪಿಕ್ಲಿಹಾಳವೆಂಬ ಸಣ್ಣ ಹಳ್ಳಿಯಲ್ಲಿ ಉತ್ಖನನ ಮಾಡಿ 1960ರಲ್ಲಿ ವರದಿಯನ್ನು ಪ್ರಕಟಿಸಿದರು. ನವಶಿಲಾಯುಗದಿಂದ ಮಧ್ಯಯುಗದವರೆಗಿನ ನೆಲೆಗಳ ಕುರುಹು ಅಲ್ಲಿ ದೊರೆತವು. ಕೃಷ್ಣೆಯ ಆಚೆ ಉಟ್ನೂರಿನಲ್ಲಿ 1957ರಲ್ಲಿ ಬೂದಿದಿಬ್ಬವನ್ನು ಅಗೆದು, ಅದು ದನಗಳ ದೊಡ್ಡಿಯೆಂದೂ ಶೇಖರವಾದ ಸಗಣಿಯನ್ನು ಮತ್ತೆ ಮತ್ತೆ ಸುಟ್ಟುದರಿಂದ ದಿಬ್ಬವಾಯಿತೆಂದೂ ತೋರಿಸಿದರು. 1963ರ ಅವರ ಗ್ರಂಥದಲ್ಲಿ ಈ ವಾದ ಪೂರ್ಣರೂಪದಲ್ಲಿದೆ. ಆ ಗ್ರಂಥದ ಹೆಗ್ಗಳಿಕೆ ಅಗೆತದಲ್ಲಿ ಮಾತ್ರವಿಲ್ಲ. ಇಂದಿನ ದನಗಾಹಿಗಳ ಬೇಲಿಯನ್ನು, ಹಬ್ಬಗಳಲ್ಲಿ ಬೆಂಕಿ ಹಚ್ಚಿ ದನಗಳನ್ನು ಹಾಯಿಸುವ ಪದ್ಧತಿಯನ್ನು ಅವರು ಪುರಾತನ ದಿಬ್ಬದ ಪಕ್ಕದಲ್ಲಿಟ್ಟು ನೋಡಿದರು. ಮುಂದೆ 1990ರ ದಶಕದಲ್ಲಿ ಸುರಪುರದ ಕಡೆಯ ಬೂದಿಹಾಳದಲ್ಲಿ ಕೆ. ಪದ್ದಯ್ಯನವರು ನಡೆಸಿದ ಉತ್ಖನನದಲ್ಲಿ ದನಗಳ ದೊಡ್ಡಿಯ ಪಕ್ಕದಲ್ಲಿಯೇ ಜನವಸತಿಯ ನೆಲೆಯೂ ಕಂಡುಬಂದಿತು. ನಾಲ್ಕು ಸಾವಿರ ವರ್ಷಗಳ ಹಿಂದೆ ಈ ಸೀಮೆಯ ಊರು ಹುಟ್ಟಿದ ರೀತಿಗೂ ದೇವದುರ್ಗದ ದೊಡ್ಡಿ ಹುಟ್ಟುವ ರೀತಿಗೂ ಹೋಲಿಕೆ ಇಷ್ಟು ಸ್ಫುಟವಾಗಿದೆ. ನೇರವಾದ ಪರಂಪರೆಯಿದೆಯೆಂದು ಹೇಳುವುದು ಅತಿಯಾದೀತು. ಆದರೆ ದೊಡ್ಡಿಗೆ ಚರಿತ್ರೆಯಿಲ್ಲವೆಂಬ ಮಾತು ಇನ್ನು ನಿಲ್ಲುವುದಿಲ್ಲ.

ಶೈವಪರಂಪರೆಯ ದೃಷ್ಟಿಯಿಂದಲೂ ಪ್ರಶ್ನೆಯೊಂದು ಏಳುತ್ತದೆ. ಮಧ್ಯಯುಗದ ಹಾಳೂರುಗಳ ಶಿವಾಲಯಗಳಲ್ಲಿ ಅನೇಕವು ಕಾಳಾಮುಖ–ಲಾಕುಳ ಆಚಾರ್ಯರ ವಶದಲ್ಲಿದ್ದವು. ಕಪಟರಾಳ ಕೃಷ್ಣರಾಯರು ಲಾಕುಳಶೈವರ ಇತಿಹಾಸವನ್ನು ಶಾಸನಗಳಿಂದ ಸಂಗ್ರಹಿಸಿ ಕೊಟ್ಟ ಮೇಲೆ ಈ ಆಚಾರ್ಯರ ವಿದ್ಯೆ, ದಾಸೋಹ, ಸ್ಥಾನಾಧಿಪತ್ಯಗಳು ಕನ್ನಡದಲ್ಲಿ ಚೆನ್ನಾಗಿ ತಿಳಿದಿವೆ. ಆ ಸ್ಥಾನಗಳು ಕಾಲಾಂತರದಲ್ಲಿ ವೀರಶೈವ ಮಠಗಳಾಗಿ ಮುಂದುವರಿದುದೂ ವಿದ್ವಾಂಸರು ಒಪ್ಪಿದ ಸಂಗತಿ. ಊರು ಹಾಳಾದಾಗ ಮಠ ಏನಾಯಿತು, ದತ್ತಿಯ ಹೊಲ ಯಾರ ಪಾಲಾಯಿತು, ಮಠವೇ ಊರನ್ನು ಮತ್ತೆ ಕರೆದು ಕೂಡಿಸಿತೋ ಅಥವಾ ಜನ ಹೋದ ಕಡೆಗೆ ಮಠವೂ ಹೋಯಿತೋ ಎಂಬುದು ವಿಚಾರಣೀಯ. ಸ್ಥಾವರಕ್ಕಿಂತ ಜಂಗಮವೇ ಹೆಚ್ಚೆಂದು ಸಾರಿದ ಶರಣರ ಮಾತನ್ನು ಹಿಡಿದು, ಹಾಳುಗುಡಿಗಳ ಅಧ್ಯಯನ ಅನಾವಶ್ಯಕವೆಂದು ವಾದಿಸುವವರುಂಟು. ಇದು ಆ ಮಾತಿನ ಅಪವ್ಯಾಖ್ಯಾನ. ಜಂಗಮವೆಂದರೆ ಚಲಿಸುವುದು; ಹಾಳೂರಿನ ಕಲ್ಲು ಅಲ್ಲಿಯೇ ಉಳಿಯಿತು, ಚಲಿಸಿದವರು ಜನ. ಶರಣರ ತತ್ತ್ವವನ್ನು ಚರಿತ್ರೆಯ ರಚನೆಯಲ್ಲಿ ಪಾಲಿಸುವುದಾದರೆ ಬಿಟ್ಟುಹೋದವರ ದಾರಿಯನ್ನೇ ಹುಡುಕಬೇಕಾಗುತ್ತದೆ.

ಈ ಸೀಮೆಯ ಶರಣದಂಪತಿಗಳಾದ ಆಯ್ದಕ್ಕಿ ಮಾರಯ್ಯ ಮತ್ತು ಲಕ್ಕಮ್ಮನವರೇ ಅಂತಹವರು. ಲಿಂಗಸೂಗೂರು ತಾಲ್ಲೂಕಿನ ಗುಡುಗುಂಟಿ ಅಮರೇಶ್ವರದಿಂದ ಅವರು ಕಲ್ಯಾಣಕ್ಕೆ ಹೋದರು. ಅಲ್ಲಿ ಅವರಿಗೆ ಹೊಲವಿಲ್ಲ. ಬಿದ್ದ ಅಕ್ಕಿಯನ್ನು ಆಯ್ದು ತಂದು ದಾಸೋಹ ಮಾಡಿದರು. ಒಂದು ದಿನ ಗಂಡ ಹೆಚ್ಚು ಅಕ್ಕಿ ತಂದಾಗ ಅದನ್ನು ಮರಳಿ ಸುರಿದು ಬರಲು ಹೇಳಿದ ಲಕ್ಕಮ್ಮನ ನಿಷ್ಠುರತೆಯನ್ನು ಭಕ್ತರೆಲ್ಲರೂ ಬಲ್ಲರು. ಅವರ ಅಂಕಿತದಲ್ಲಿ ಅಮರೇಶ್ವರಲಿಂಗದ ಹೆಸರು ಉಳಿಯಿತು. ಬಿಟ್ಟುಬಂದ ಊರನ್ನು ಕಲ್ಲಿನ ನೆರವಿಲ್ಲದೆ, ಪ್ರತಿ ವಚನದ ಕೊನೆಯಲ್ಲಿಯೂ ಹೆಸರಿಸುತ್ತ ಕಾಪಾಡಿದ ಈ ರೀತಿಯನ್ನು ಅಂಕಿತಗಳ ಅಧ್ಯಯನ ಮಾಡಿದವರು ಛಂದಸ್ಸಿನ, ತತ್ತ್ವದ ದೃಷ್ಟಿಯಿಂದ ನೋಡಿದ್ದಾರೆ. ಊರು ತೊರೆದವರ ನೆನಪಿನ ರೂಪವೆಂದು ನೋಡಿದುದು ಕಡಿಮೆ. ಮಾನ್ವಿ ತಾಲ್ಲೂಕಿನ ಚೀಕಲಪರವಿಯಂತಹ ಸಣ್ಣ ಊರು ವಿಜಯದಾಸರಿಂದಾಗಿ ನಾಡಿಗೆಲ್ಲ ಪರಿಚಿತವಾದುದೂ ಇದೇ ಬಗೆಯದು.

ಈ ಚರ್ಚೆ ಗತಕಾಲಕ್ಕೆ ಮಾತ್ರ ಸೇರಿದುದೆಂದು ತಿಳಿಯಬಾರದು. ಊರು ಬಿಡುವುದೂ ಊರು ಹುಟ್ಟುವುದೂ ಈ ಜಿಲ್ಲೆಯಲ್ಲಿ ನಿಂತಿಲ್ಲ. ತುಂಗಭದ್ರಾ ಎಡದಂಡೆ ಕಾಲುವೆಯ ನೀರು ಹರಿದ ಮೇಲೆ ಮಾನ್ವಿ, ಸಿಂಧನೂರುಗಳ ಕಡೆ ಆಂಧ್ರದ ರೈತರು ಬಂದು ನೆಲಸಿದ ‘ಕ್ಯಾಂಪು’ಗಳು ಹುಟ್ಟಿದವು, ಇಂದು ಅವು ಊರುಗಳೇ, ಆದರೆ ಹೆಸರಿನ ತುದಿಯಲ್ಲಿ ಕ್ಯಾಂಪು ಎಂಬುದು ಉಳಿದಿದೆ. 2009ರ ಅಕ್ಟೋಬರ್ ತಿಂಗಳ ಮಹಾಪ್ರವಾಹದ ಅನಂತರ ಹೊಳೆದಂಡೆಯ ಹಳ್ಳಿಗಳ ಜನಕ್ಕೆ ‘ಆಸರೆ’ ಮನೆಗಳನ್ನು ಎತ್ತರದ ನೆಲದಲ್ಲಿ ಕಟ್ಟಿಕೊಟ್ಟಾಗ, ಹಳೆಯ ಊರು ಕೆಳಗೆ, ಹೊಸ ಊರು ಮೇಲೆ ಎಂಬ ಇಬ್ಬಗೆ ಮತ್ತೆ ಕಾಣಿಸಿಕೊಂಡಿತು. ಹಳೆಯ ಊರಿನ ಗುಡಿಗೆ ಹೊಸ ಊರಿನಿಂದ ನಡೆದು ಬಂದು ಎಣ್ಣೆ ಎರೆಯುವ ತಲೆಮಾರು ಇನ್ನೂ ಜೀವಂತವಾಗಿದೆ. ಇವರ ಮಾತನ್ನು ಈಗಲೇ ಬರೆದುಕೊಳ್ಳಬೇಕು. ಹಾಳೂರು ಹೇಗೆ ಹಾಳೂರಾಗುತ್ತದೆಯೆಂಬುದನ್ನು ಕಣ್ಣಾರೆ ಕಂಡ ಸಾಕ್ಷಿಗಳು ಚರಿತ್ರೆಕಾರನಿಗೆ ಪದೇ ಪದೇ ದೊರೆಯುವುದಿಲ್ಲ.

ದಾಖಲೆಯಿಲ್ಲದ ದೊಡ್ಡಿ, ತಾಂಡಾ, ಹಟ್ಟಿಗಳನ್ನು ಕಂದಾಯ ಗ್ರಾಮಗಳನ್ನಾಗಿ ಮಾಡುವ ಕಾರ್ಯ ಕರ್ನಾಟಕದಲ್ಲಿ ಕೆಲವು ವರ್ಷಗಳಿಂದ ನಡೆದಿದೆ. ಕಲಬುರಗಿ, ಯಾದಗಿರಿ, ರಾಯಚೂರು, ಬೀದರ, ವಿಜಯಪುರ ಜಿಲ್ಲೆಗಳ ಸುಮಾರು 1475 ದಾಖಲೆರಹಿತ ಜನವಸತಿಗಳು ಹೊಸ ಕಂದಾಯ ಗ್ರಾಮಗಳೆಂದು ಘೋಷಿತವಾದವು. 2023ರ ಜನವರಿ 19ರಂದು 50,000ಕ್ಕೂ ಹೆಚ್ಚು ಕುಟುಂಬಗಳಿಗೆ ಹಕ್ಕುಪತ್ರ ಹಂಚುವ ಸಮಾರಂಭ ನಡೆಯಿತು. ಮನೆಯ ಮೇಲೆ ಹಕ್ಕಿಲ್ಲದೆ ಮೂರು ನಾಲ್ಕು ತಲೆಮಾರು ಬಾಳಿದವರಿಗೆ ಆ ಕಾಗದ ಎಷ್ಟು ದೊಡ್ಡದೆಂಬುದನ್ನು ವಿವರಿಸಬೇಕಾಗಿಲ್ಲ. ಹೊಸ ಗ್ರಾಮಕ್ಕೆ ಎಲ್ಲೆ ಗುರುತಿಸುವಾಗ ಸರ್ವೆಯವರು ಇಂದಿಗೂ ಮೂಡಣ, ಪಡುವಣಗಳನ್ನು ಬರೆಯುತ್ತಾರೆ. ಹಳ್ಳ, ದಾರಿ, ಕಲ್ಲುಗಳನ್ನು ಹೆಸರಿಸುತ್ತಾರೆ. ಆ ಎಲ್ಲೆಯೊಳಗೆ ಅಥವಾ ಅದರ ಪಕ್ಕದಲ್ಲಿ ಬೇಚರಾಕ್ ಗ್ರಾಮವೊಂದಿದ್ದರೆ ಅದರ ಹೆಸರೂ ಕಾಗದದಲ್ಲಿ ಬರುತ್ತದೆ. ಆ ಸಮಾರಂಭ ಜರುಗಿದ ಸ್ಥಳ ಮಳಖೇಡ; ರಾಷ್ಟ್ರಕೂಟರ ಮಾನ್ಯಖೇಟವಾಗಿದ್ದು ಈಗ ಕಾಗಿಣಾ ಹೊಳೆಯ ದಂಡೆಯ ಮೇಲೆ ಒಂದು ಹಳ್ಳಿಯಾಗಿ ಉಳಿದಿರುವ ಊರು.